ಒಂದೇ ಸಂಖ್ಯೆಯ ಎರಡು ರಟ್ಟು

ನನಗೆ ದಿಲ್ಲಿಯಲ್ಲಿ ಕೆಲಸ ಸಿಕ್ಕಿದ್ದು ಅವ್ವನಿಗೆ ತಕ್ಷಣ ತಿಳಿಯಿತು. ಅದು ಎಂಥ ಕೆಲಸ ಎಂದು ತಿಳಿಸಿ ಹೇಳಲು ಮಾತ್ರ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ದಾಂಡೇಲಿಯ ಕಾಲೊನಿಯಲ್ಲಿ, ನಮ್ಮ ಕ್ವಾರ್ಟರ್ಸಿನ ಹಿಂದಿನ ಕಟ್ಟೆಯ ಮೇಲೆ ಕೂತು ಅವಳು ಮೆಂತ್ಯೆಪಲ್ಲೆ ಸೋಸುತ್ತಿದ್ದಳು. ನಾನು ಎದುರಿಗೆ ಕೂತು ಕಡ್ಡಿ ಬೇರೆ, ಎಲೆ ಬೇರೆ ಮಾಡುತ್ತ ಹೇಳಿದೆ.

"ವ್ಯಾಪಾರ ನೀತಿ ಅಂದ್ರ ಏನಬೇ? ಅಂಗಡಿ ಇಡೂದು ಕಲಸ್ತಾರೇನು?" ಎಂದಳು ಅವ್ವ.

"ಅಂಗಡಿ ಅಲ್ಲಬೇ. ಬ್ಯಾರೆ ದೇಶದ ಸಾಮಾನು ನಮ್ಮ ದೇಶಕ್ಕ ಬರ್ತಾವಲ್ಲ, ಅದಕ್ಕ ಎಷ್ಟು ಸುಂಕ ಹಾಕಬೇಕು, ಯಾವ ದೇಶದ ಕೂಡ ಎಂಥಾ ಒಪ್ಪಂದ ಮಾಡ್ಕೋಬೇಕು ಅಂತ ಸರಕಾರ ಠರಾವ್ ಮಾಡ್ತೈತಿ. ಅದಕ್ಕೂ ಮದ್ಲ ಎಲ್ಲಾ ಅಭ್ಯಾಸ ಮಾಡಿ ವರದಿ ಬರದ ಕೊಡೂ ಸಂಸ್ಥಾ ಇದು."

"ಹಂಗಾದ್ರ ಸುಂಕದಾಕಿ ಆದಿ ಅನ್ನು" ಎಂದು ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅಂದು ಸಂಜೆಯ ಹೊತ್ತಿಗೆ ನಮ್ಮ ಸಾಲಿನ ಮನೆಗಳಿಗೆಲ್ಲ ನಾನು ಸುಂಕದ ಆಫೀಸಿನಲ್ಲಿ ಸಾಹೇಬಳಾಗಿದ್ದೆ.

ಅಪ್ಪ ಹೆಚ್ಚೇನೂ ಕೇಳಲಿಲ್ಲ. ಅವನು ಮದುವೆಗೆ ಮೊದಲೇ ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ಬಂದು ಕಾಗದದ ಕಾರ್ಖಾನೆ ಸೇರಿದವನು. ಈಗ ರಟ್ಟು ತಯಾರಾಗುವ ಯಂತ್ರದ ಮೇಲೆ ಕೆಲಸ. ಔಷಧದ ಪೆಟ್ಟಿಗೆ, ಸಾಬೂನಿನ ಪೆಟ್ಟಿಗೆ, ಮಿಠಾಯಿ ಡಬ್ಬಿ, ಇವಕ್ಕೆಲ್ಲ ಬೇಕಾಗುವ ನುಣುಪಾದ ಬಿಳಿ ರಟ್ಟು. ಕಾರ್ಖಾನೆಗೆ ಹಡಗಿನಲ್ಲಿ ಪರದೇಶದಿಂದ ಪಲ್ಪ್, ಅಂದರೆ ರಟ್ಟು ಮಾಡುವ ಮರದ ತಿರುಳು, ಬರುತ್ತಿತ್ತು ಎಂಬುದು ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಆ ಪಲ್ಪಿನ ಕಟ್ಟುಗಳ ಮೇಲೆ ಓದಲು ಬಾರದ ಅಕ್ಷರಗಳಲ್ಲಿ ಏನೇನೋ ಬರೆದಿರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದ ಮೇಲೆ, ಬ್ಯಾಂಕಿನ ಪರೀಕ್ಷೆಗೆ ಓದುತ್ತ ಕೂತಿದ್ದಾಗ, ನಮ್ಮ ಪ್ರಾಧ್ಯಾಪಕರೊಬ್ಬರು ದಿಲ್ಲಿಯ ಈ ಕೆಲಸದ ಜಾಹೀರಾತು ಕಳಿಸಿದ್ದರು. ಸಂದರ್ಶನದಲ್ಲಿ ಈ ವಿಷಯದ ಮೇಲೆ ನಿನಗೇಕೆ ಆಸಕ್ತಿ ಎಂದು ಕೇಳಿದಾಗ ನಾನು ಪುಸ್ತಕದ ಉತ್ತರ ಬಿಟ್ಟು ಆ ಪಲ್ಪಿನ ಕಟ್ಟುಗಳ ವಿಷಯ ಹೇಳಿದೆ. ಕೆಲಸ ಸಿಕ್ಕಿದ್ದು ಅದರಿಂದಲೇ ಇರಬೇಕು ಎಂದು ನನ್ನ ಅಂದಾಜು.

ದಿಲ್ಲಿಯ ಆಫೀಸು ಬೇವಿನ ಮರಗಳ ರಸ್ತೆಯಲ್ಲಿತ್ತು. ಹಳೆಯ ಕಟ್ಟಡ, ಎತ್ತರದ ಕಿಟಕಿಗಳು. ಸಂಶೋಧನಾ ಸಹಾಯಕಿ ಎಂದು ನನ್ನ ಹುದ್ದೆಗೆ ಹೆಸರು. ನಮ್ಮ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಬಿಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದ ಎತ್ತರದ ಹೆಂಗಸು. ಹಲವು ವರ್ಷ ಜಿನೀವಾದಲ್ಲಿ ಒಪ್ಪಂದಗಳ ಮಾತುಕತೆಗಳಲ್ಲಿ ಕೂತು ಬಂದವರು. ಸಂಜೆಯಾಗುತ್ತಿದ್ದಂತೆ ಡ್ರಾಯರಿನಿಂದ ಪೇರಲ ಹಣ್ಣು, ಚಾಕು, ಉಪ್ಪಿನ ಡಬ್ಬಿ ತೆಗೆದು ಹೋಳು ಮಾಡಿ, ಎದುರಿಗೆ ಯಾರಿದ್ದರೂ ಒಂದು ಹೋಳು ಕೊಟ್ಟೇ ಮಾತು ಮುಂದುವರಿಸುತ್ತಿದ್ದರು.

ಮೊದಲು ನಾನು ಕಲಿತದ್ದು ಸಂಖ್ಯೆಗಳನ್ನು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಇದೆ. ಬದುಕಿರುವ ಕುದುರೆಗೆ ಒಂದು, ಹುಣಸೆಹಣ್ಣಿಗೆ ಒಂದು, ಹೊಲಿದ ಅಂಗಿಗೆ ಒಂದು, ಹೊಲಿಯದ ಬಟ್ಟೆಗೆ ಇನ್ನೊಂದು. ಬಂದರಿನಲ್ಲಿ ವಸ್ತುವಿನ ಹೆಸರು ಏನೇ ಇರಲಿ, ಸುಂಕ ಬೀಳುವುದು ಅದರ ಸಂಖ್ಯೆಯ ಮೇಲೆ. ನಾನು ಬೆಳಗಿನಿಂದ ಸಂಜೆಯವರೆಗೆ ಆ ಸಂಖ್ಯೆಗಳ ಮುಂದೆ ಯಾವ ದೇಶದಿಂದ ಎಷ್ಟು ಬಂತು ಎಂದು ಪಟ್ಟಿ ಮಾಡುತ್ತಿದ್ದೆ. ಜೊತೆಯವರಲ್ಲಿ ಹಲವರು ಪರದೇಶಗಳಲ್ಲಿ ಓದಿ ಬಂದವರು. ಸಭೆಗಳಲ್ಲಿ ಅವರು ವೇಗವಾಗಿ, ಅರ್ಧ ಮಾತು ಸಂಕ್ಷೇಪಾಕ್ಷರಗಳಲ್ಲೇ ಮಾತಾಡುವಾಗ ನಾನು ತಲೆಯಾಡಿಸುತ್ತ ಕೂತು, ಆಮೇಲೆ ಒಬ್ಬಳೇ ಅವುಗಳ ಅರ್ಥ ಹುಡುಕುತ್ತಿದ್ದೆ. ಅವರು ಕೆಟ್ಟವರಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ನಾನು ಬರೆದ ಮೊದಲ ಟಿಪ್ಪಣಿ ಮೇಡಂ ಬಳಿ ಹೋಗಿ ಮರಳಿ ಬಂದಾಗ ಅಂಚಿನಲ್ಲಿ ಮತ್ತೆ ಮತ್ತೆ ಒಂದೇ ಮಾತು ಬರೆದಿತ್ತು: ಯಾರಿಗೆ? ನಾನು ಅವರ ಕೋಣೆಗೆ ಹೋದೆ.

"'ದೇಶಕ್ಕೆ ಲಾಭ' ಅಂತ ಬರೆದಿದ್ದೀಯ" ಎಂದರು ಅವರು ಇಂಗ್ಲಿಷಿನಲ್ಲಿ, ಪೇರಲ ಹೋಳೊಂದನ್ನು ನನ್ನ ಕಡೆ ದೂಡುತ್ತ. "ದೇಶ ಅಂತ ಒಬ್ಬ ಮನುಷ್ಯ ಇಲ್ಲ. ದೇಶದಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ, ಅದನ್ನು ಬರೆ. ಬರೆದ ಮೇಲೂ ನಿನಗೆ ಸುಂಕ ಬೇಕು ಅನ್ನಿಸಿದರೆ ಬೇಕು ಅನ್ನು."

ಆ ಟಿಪ್ಪಣಿಯನ್ನು ನಾನು ಇಡಿಯಾಗಿ ಮತ್ತೆ ಬರೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವಿಭಾಗಕ್ಕೆ ಹೊಸ ಅಧ್ಯಯನವೊಂದು ಬಂತು. ಪರದೇಶಗಳಿಂದ ಅಗ್ಗದ ರಟ್ಟು ಬಹಳ ಬರುತ್ತಿದೆ, ಅದರ ಮೇಲೆ ಸುಂಕ ಏರಿಸಬೇಕು ಎಂದು ದೇಶದ ಕಾಗದದ ಕಾರ್ಖಾನೆಗಳು ಕೇಳಿಕೊಂಡಿದ್ದವು. ಸುಂಕ ಏರಿದರೆ ರಟ್ಟು ಕೊಂಡು ಬೇರೆ ವಸ್ತು ಮಾಡುವವರ ಗತಿ ಏನು ಎಂದು ನಾವು ನೋಡಿ ಹೇಳಬೇಕಿತ್ತು. ಮೇಡಂ ವಿಷಯ ಹೇಳಿ ಮುಗಿಸುವಷ್ಟರಲ್ಲಿ ನಾನು, ನಮ್ಮ ಅಪ್ಪ ಅಂಥದ್ದೇ ಕಾರ್ಖಾನೆಯಲ್ಲಿ ರಟ್ಟಿನ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ ಎಂದೆ.

"ಹೇಳಿದ್ದು ಒಳ್ಳೆಯದಾಯಿತು" ಎಂದರು ಅವರು. "ಕಾರ್ಖಾನೆಗಳ ಭಾಗ ನೀನು ಮುಟ್ಟಬೇಡ. ಅದನ್ನು ಬೇರೆಯವರು ಬರೆಯುತ್ತಾರೆ. ನೀನು ರಟ್ಟು ಕೊಳ್ಳುವವರನ್ನು ನೋಡು. ನಿಮ್ಮ ಕಡೆ ಸಣ್ಣ ಊರುಗಳಲ್ಲಿ ಅಂಥವರು ಇದ್ದೇ ಇರುತ್ತಾರೆ. ಭಾಷೆಯೂ ಬರುತ್ತದೆ. ಹೋಗಿ ಮಾತಾಡಿಸಿಕೊಂಡು ಬಾ."

ಹೀಗೆ ಕೆಲಸ ಸೇರಿದ ಮೇಲೆ ಮೊದಲ ಸಲ ನಾನು ಊರಿಗೆ ಹೋದದ್ದು ಆಫೀಸಿನ ಕೆಲಸದ ಮೇಲೆ. ಮನೆ ಸೇರಿ ಕೈಕಾಲು ತೊಳೆದು ಊಟಕ್ಕೆ ಕೂತಾಗ ನಾನು ಬಂದ ಕಾರಣ ಹೇಳಿದೆ. ಅಪ್ಪನ ಮುಖ ಅರಳಿತು.

"ಛಲೋ ಆತು ನೋಡು. ಹೊರಗಿನ ರಟ್ಟು ಹಿಂಗ ಬಂದ್ ಬೀಳಾಕತ್ರ ನಮ್ಮ ರಟ್ಟು ಗೋಡೌನಿನ್ಯಾಗ ಉಳೀತೈತಿ. ಗುತ್ತಿಗಿ ಮಂದಿನ್ನ ಆಗಲೇ ಕಡಿಮಿ ಮಾಡ್ಯಾರ. ಇದನ್ನ ಬರಿ ನೀ."

"ಅಪ್ಪಾ, ಕಾರ್ಖಾನಿ ಬಾಬ್ತು ನಾ ಬರಿಯಂಗಿಲ್ಲ. ರಟ್ಟು ತಗೊಳ್ಳಾವ್ರನ್ನ ನೋಡಾಕ ಬಂದೇನಿ."

ಅಷ್ಟರಲ್ಲಿ ಅವ್ವ ಸಾರಿನ ಪಾತ್ರೆ ಹಿಡಿದು ಬಂದಳು. "ಹಂಗಾದ್ರ ದೂರ ಯಾಕ ಹೊಕ್ಕಿ? ನಿಮ್ಮ ಚಿಗವ್ವ ಮುಂಡಗೋಡದಾಗ ಪೇಪರ್ ಕಪ್ ಮಾಡೂ ಮಶೀನ್ ಹಾಕ್ಯಾಳ. ನಿಂಗ ಹೇಳೂದ ಮರತಿದ್ನಿ."

ಚಿಗವ್ವ ಎಂದರೆ ಅವ್ವನ ತಂಗಿ. ಮುಂಡಗೋಡದ ಹತ್ತಿರದ ಚಿಗಳ್ಳಿಯ ರೈತರ ಮನೆಗೆ ಕೊಟ್ಟಿದ್ದರು. ಮಾತು ಬಹಳ ಚುರುಕು. ಗದ್ದೆ, ಗೋವಿನಜೋಳ ಎಲ್ಲ ಅವಳ ಗಂಡ, ನಮ್ಮ ಕಾಕಾ, ನೋಡಿಕೊಳ್ಳುತ್ತಿದ್ದರಿಂದ ತನ್ನದೇ ಆದ ಒಂದು ಕೆಲಸ ಬೇಕು ಎಂದು ಅವಳು ಮೊದಲಿನಿಂದಲೂ ಅನ್ನುತ್ತಿದ್ದಳು. ಹೆಂಗಸರ ಸ್ವಸಹಾಯ ಸಂಘದ ನೆರವಿನಿಂದ ಮುಂಡಗೋಡದ ಸಂತೆಪೇಟೆಯ ಹಿಂದೆ ಒಂದು ಶೆಡ್ ಹಿಡಿದು ಬೇಸಿಗೆಯಲ್ಲಿ ಯಂತ್ರ ಹಾಕಿದ್ದಳಂತೆ. ಕಪ್ಪಿಗೆ ಬೇಕಾದ ರಟ್ಟು ಹುಬ್ಬಳ್ಳಿಯ ವ್ಯಾಪಾರಿಯಿಂದ ಬರುತ್ತಿತ್ತು. ಅದು ಹೊರದೇಶದ್ದು.

ಅಪ್ಪ ತುತ್ತು ಕೈಯಲ್ಲೇ ಹಿಡಿದು ಹೇಳಿದ: "ಮನಿಯಾಗ ರಟ್ಟು ಮಾಡಾವ ನಾ ಇದ್ದೇನಿ, ಆಕಿ ಹೊರಗಿಂದು ತರಸ್ತಾಳ."

"ನಿಮ್ಮ ರಟ್ಟಿನ್ಯಾಗ ಚಹಾ ಹಾಕಿದ್ರ ನಿಲ್ಲಂಗಿಲ್ಲಂತ" ಎಂದಳು ಅವ್ವ. ಅಪ್ಪ ಇನ್ನಷ್ಟು ಸಾರು ಹಾಕಿಸಿಕೊಂಡು ಊಟ ಮುಗಿಸಿದ.

ಮರುದಿನ ಬೆಳಿಗ್ಗೆ ನಾನು ಮೇಡಂಗೆ ಫೋನ್ ಮಾಡಿದೆ. ಅಪ್ಪ ಒಂದು ಕಡೆ, ಚಿಗವ್ವ ಇನ್ನೊಂದು ಕಡೆ ಎಂದು ಕೇಳಿ ಅವರು ಸ್ವಲ್ಪ ಹೊತ್ತು ನಕ್ಕರು. ಆಮೇಲೆ ಎಂದಿನ ದನಿಯಲ್ಲಿ ಹೇಳಿದರು: "ಇಬ್ಬರ ವಿಷಯವನ್ನೂ ನಿನ್ನ ಅಧ್ಯಾಯದ ಮೊದಲ ಪುಟದಲ್ಲೇ ಬರೆಯಬೇಕು. ಆಮೇಲೆ ಇಬ್ಬರ ಮಾತನ್ನೂ ವರದಿಯಿಂದ ಬಿಡಬೇಕು. ನಿಮ್ಮ ಚಿಗವ್ವನ ಕಾರ್ಖಾನೆಗೆ ಹೋಗು, ಚಹಾ ಕುಡಿ, ನೋಡು. ಆದರೆ ಅವಳು ಹೇಳಿದ್ದನ್ನು ವರದಿಗೆ ತರಬೇಡ."

ಕಾಲೊನಿಯ ಗೇಟಿನ ಹತ್ತಿರ ನಿಂತು ಆ ಮಾತು ಕೇಳಿಸಿಕೊಂಡಾಗ ಅದು ಸುಲಭ ಅನ್ನಿಸಿತ್ತು. ಚಿಗವ್ವನ ಮುಖ ನೆನಪಾದದ್ದು ಫೋನ್ ಇಟ್ಟ ಮೇಲೆ.

ಮೊದಲು ಹಳಿಯಾಳಕ್ಕೆ ಹೋದೆ. ಅಲ್ಲಿ ಮಿಠಾಯಿ ಡಬ್ಬಿ ಮಾಡುವ ಒಬ್ಬ ಹಿರಿಯರು ನನ್ನನ್ನು ಕೂರಿಸಿ ಖುಷಿಯಿಂದ ಮಾತಾಡಿದರು. ಅವರ ರಟ್ಟು ನಮ್ಮ ದೇಶದ್ದೋ ಪರದೇಶದ್ದೋ ಎಂದು ಕೇಳಿದೆ. "ಅದೇನ ಗೊತ್ತ್ರೀ ನಮಗ? ಹುಬ್ಬಳ್ಳ್ಯಾಂವ ಯಾವ್ದ ಕಳಸ್ತಾನ ಅದ. ಮಡಿಚಿದ್ರ ಒಡಿಬಾರ್ದು, ಮ್ಯಾಲೆ ಅಚ್ಚು ಛಂದ ಕಾಣಬೇಕು, ಅಷ್ಟ" ಎಂದರು. ಬೆಲೆ ಸ್ವಲ್ಪ ಏರಿದರೆ ಮಿಠಾಯಿ ಅಂಗಡಿಯವರು ಕೊಡುತ್ತಾರೆ, ಹಬ್ಬದಲ್ಲಿ ಡಬ್ಬಿ ಇಲ್ಲದೆ ಪೇಡೆ ಮಾರಲಿಕ್ಕಾಗುತ್ತದೆಯೇ ಎಂಬುದು ಅವರ ಲೆಕ್ಕ.

ಜೋಯಿಡಾದಲ್ಲಿ ಕಾಡಿನಂಚಿಗೆ ಹೋಂಸ್ಟೇ ನಡೆಸುವ ಒಬ್ಬ ಹೆಂಗಸನ್ನು ಕಂಡೆ. ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡದಲ್ಲಿ ನಿಧಾನ ಮಾತಾಡಿದರು. ಕಾಡಿನೊಳಗೆ ಪ್ಲಾಸ್ಟಿಕ್ ತರಲು ಬಿಡುವುದಿಲ್ಲ, ಅದಕ್ಕೇ ವಾರದ ಕೊನೆಗೆ ಬರುವ ಅತಿಥಿಗಳಿಗೆ ಕಾಗದದ ಕಪ್ಪು. ಕಪ್ಪು ದುಬಾರಿಯಾದರೆ ಏನು ಮಾಡುತ್ತೀರಿ ಎಂದೆ. ಅವರು ಒಳಗಿನ ಮಾಡದ ಕಡೆ ಕೈ ತೋರಿಸಿದರು. ಸ್ಟೀಲಿನ ಲೋಟಗಳನ್ನು ಬೋರಲು ಹಾಕಿದ್ದರು. "ಏನು ಮಾಡೂದು? ಲೋಟ ತೊಳಿಯೂದು." ಅಷ್ಟು ಹೇಳಿ ಕೋಕಂ ಶರಬತ್ತು ಕೊಟ್ಟರು, ಸ್ಟೀಲಿನ ಲೋಟದಲ್ಲೇ.

ಬಸ್ಸಿನಲ್ಲಿ ಮರಳುವಾಗ ನನಗೆ ಸಮಾಧಾನವಿತ್ತು. ಪಟ್ಟಿಗಳಲ್ಲಿ ಒಂದೇ ಸಾಲಾಗಿ ಕಾಣುತ್ತಿದ್ದ ರಟ್ಟು ಇಲ್ಲಿ ಬೇರೆ ಬೇರೆ ಕೈಗಳಿಗೆ ಹೋಗಿ ಬೇರೆ ಬೇರೆ ಆಗುತ್ತಿತ್ತು. ಡಬ್ಬಿ ಮಾಡುವವರು ಬೆಲೆಯನ್ನು ಮುಂದೆ ದಾಟಿಸಬಲ್ಲರು. ಕಪ್ಪು ಮಾಡುವವರು ದಾಟಿಸಲು ಹೋದರೆ ಕೊಳ್ಳುವವರು ಲೋಟ ತೊಳೆಯತೊಡಗುತ್ತಾರೆ. ಎರಡೂ ರಟ್ಟಿಗೆ ಸುಂಕದ ಪುಸ್ತಕದಲ್ಲಿ ಒಂದೇ ಸಂಖ್ಯೆ. ಅದನ್ನು ನಾನೇ ಕಂಡುಕೊಂಡೆ ಎಂಬ ಸಂತೋಷದಲ್ಲಿ ಸೀಟಿನ ಮೇಲೆ ಒಬ್ಬಳೇ ನಗುತ್ತ ಕೂತಿದ್ದೆನೋ ಏನೋ, ಪಕ್ಕದ ಅಜ್ಜಿ "ಯಾವೂರಾತವಾ?" ಎಂದು ಕೇಳಿದಳು.

ಮುಂಡಗೋಡಕ್ಕೆ ಹೋದಾಗ ಸೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಚಿಗವ್ವ ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ಮನೆಗಿಂತ ಮೊದಲು ಶೆಡ್ಡಿಗೇ ಕರೆದುಕೊಂಡು ಹೋದಳು. ಒಳಗೆ ಹಸಿರು ಬಣ್ಣದ ಯಂತ್ರ ಲಟಲಟ ಸದ್ದು ಮಾಡುತ್ತ ಒಂದು ಕಡೆಯಿಂದ ಬೀಸಣಿಗೆಯಾಕಾರದ ರಟ್ಟಿನ ಹಾಳೆ ಎಳೆದುಕೊಂಡು ಇನ್ನೊಂದು ಕಡೆಯಿಂದ ಕಪ್ಪು ಉಗುಳುತ್ತಿತ್ತು. ಹತ್ತಿರದ ಇಂದೂರ ಹಳ್ಳಿಯಿಂದ ಬರುವ ಹೆಂಗಸರು ಕೆಳಗೆ ಕೂತು ಕಪ್ಪುಗಳನ್ನು ಒಂದರೊಳಗೊಂದು ಸೇರಿಸಿ ಚೀಲಕ್ಕೆ ತುಂಬುತ್ತಿದ್ದರು. ಟಿಬೇಟಿಯನ್ ಕ್ಯಾಂಪಿನ ಮಠದಲ್ಲಿ ದೊಡ್ಡ ಪೂಜೆ ಇತ್ತು, ಅಲ್ಲಿಗೆ ಕೊಡಬೇಕಾದ ಕಪ್ಪುಗಳು ಅವು.

ಚಿಗವ್ವ ನಾನು ಕೇಳುವ ಮೊದಲೇ ಎಲ್ಲ ಹೇಳತೊಡಗಿದಳು. ರಟ್ಟು ಎಲ್ಲಿಂದ ಬರುತ್ತದೆ, ಕರೆಂಟು ಎಷ್ಟು ಸಲ ಹೋಗುತ್ತದೆ, ಹುಬ್ಬಳ್ಳಿಯ ದೊಡ್ಡ ಕಪ್ಪಿನವರು ಸಂತೆಗೆ ಬಂದು ಹೇಗೆ ಬೆಲೆ ಇಳಿಸುತ್ತಾರೆ. ನಾನು ಯಂತ್ರ ನೋಡುತ್ತ ಕೇಳಿಸಿಕೊಂಡೆ. ಅವಳು ಮಾತು ನಿಲ್ಲಿಸಿ ನನ್ನ ಖಾಲಿ ಕೈ ನೋಡಿದಳು.

"ಯಾಕ, ಬರಕೊಳ್ಳವಲ್ಲಿ?"

ಹೇಳದೆ ಗತ್ಯಂತರವಿರಲಿಲ್ಲ. "ಚಿಗವ್ವ, ನಿನ್ನ ಮಾತು ನಾ ಬರಕೊಳ್ಳಂಗಿಲ್ಲ. ನೀ ನಮ್ಮಾಕಿ. ನಮ್ಮಾವ್ರ ಮಾತು ವರದಿಯಾಗ ಬರಬಾರ್ದಂತ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. "ಹಳಿಯಾಳದಾವ್ರ ಮಾತು ಬರಕೊಂಡಿ. ಜೋಯಿಡಾಕ್ಕ ಹೋಗಿ ಬರಕೊಂಡಿ. ನಿನ್ನ ಎತ್ತಿ ಆಡಿಸಿದಾಕಿ ಮಾತು ಬ್ಯಾಡಾತು?"

"ಎತ್ತಿ ಆಡಿಸಿದ್ದಕ್ಕ ಬ್ಯಾಡ ಅಂತಾರ."

"ಇದ್ಯಾವ ಊರ ನ್ಯಾಯನೋ" ಎಂದು ಅವಳು ಯಂತ್ರದ ಕಡೆ ತಿರುಗಿದಳು. ಕೆಳಗೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಕಪ್ಪು ಜೋಡಿಸುತ್ತಲೇ ಕೇಳಿದಳು: "ನೀವು ಬರದದ್ದನ್ನ ದಿಲ್ಲಿಯಾಗ ಯಾರ ಓದ್ತಾರ್ರೀ?" ಓದುತ್ತಾರೆ ಎಂದಷ್ಟೇ ಹೇಳಿದೆ. ಯಾರು ಎಂದು ನನಗೂ ಸರಿಯಾಗಿ ತಿಳಿದಿರಲಿಲ್ಲ. ಚಿಗವ್ವನನ್ನು ಬಿಟ್ಟು ಮುಂಡಗೋಡದ ಇನ್ನಿಬ್ಬರು ಕಪ್ಪು ಮಾಡುವವರ ವಿಳಾಸ ಹುಡುಕಿ ಅವರ ಬಳಿ ಹೋಗಿ ಬಂದೆ. ಅವರು ಹೇಳಿದ್ದೂ ಹೆಚ್ಚುಕಡಿಮೆ ಚಿಗವ್ವ ಹೇಳಿದ್ದೇ. ಅದನ್ನು ಅವಳಿಗೆ ಹೇಳಿದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ತನ್ನ ಮಾತು ಬೇರೆಯವರ ಬಾಯಿಂದ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಹುಣ್ಣಿಮೆಯ ದಿನ ಅಪ್ಪ ಅವ್ವ ದಾಂಡೇಲಿಯಿಂದ ಬಂದರು. ಚಿಗಳ್ಳಿಯ ಹೊಲದಲ್ಲಿ ಪೂಜೆ ಮಾಡಿ, ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಬದುವಿನ ಮೇಲೆ ಮರದ ನೆರಳಿಗೆ ಎಲ್ಲರೂ ಊಟಕ್ಕೆ ಕೂತೆವು. ಭತ್ತ ತೆನೆ ಬಿಟ್ಟು ಬಾಗಿತ್ತು. ಕಡಬು, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ನೀರು ಕುಡಿಯಲು ಚಿಗವ್ವ ತನ್ನ ಕಪ್ಪುಗಳನ್ನೇ ತಂದಿದ್ದಳು. ಅಪ್ಪನ ಮುಂದೆ ಒಂದನ್ನು ಬೇಕೆಂದೇ ಎತ್ತಿ ಇಟ್ಟಳು.

"ತಗೋರಿ ಮಾಮಾ. ಹೊರದೇಶದ ಕಪ್ಪು."

ಅಪ್ಪ ಕಪ್ಪನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ಇದು ಬರ್ತೈತಿ ಅಂತ ನಮ್ಮಲ್ಲೆ ಗುತ್ತಿಗಿ ಮಂದಿ ಮನಿಗೆ ಹೋಗ್ಯಾರವಾ."

"ಇದು ಬರೂದು ನಿಂತ್ರ ನಮ್ಮ ಇಂದೂರ ಹೆಣ್ಮಕ್ಕಳು ಮನಿಗೆ ಹೊಕ್ಕಾರ. ಅವ್ರಿಗೆ ಏನ ಹೇಳೂಣು? ನಿಮ್ಮ ಕಾರ್ಖಾನಿ ಕಪ್ಪಿನ ರಟ್ಟು ಮಾಡಿದ್ರ ನಾ ಯಾಕ ಹೊರಗಿಂದು ತಗೋತಿದ್ನಿ?"

"ಮಾಡಬೇಕಂದ್ರ ಅದಕ್ಕ ತಕ್ಕ ಬೆಲಿ ಸಿಗಬೇಕು. ಹೊರಗಿಂದು ಅಗ್ಗ ಬರಾಕತ್ರ ಯಾವ ಮಾಲಕ ಹೊಸ ಯಂತ್ರಕ್ಕ ಕೈ ಹಾಕ್ತಾನ?"

"ಅಲ್ಲೀತನಾ ನಾವು ಉಪಾಸ ಕುಂದ್ರೂಣೇನು?"

ಅವ್ವ ಇಬ್ಬರಿಗೂ ಕಡಬು ಬಡಿಸಿದಳು. ಇಬ್ಬರೂ ಮುಟ್ಟಲಿಲ್ಲ. ಕಾಕಾ ಮೇಲೆದ್ದು ಎತ್ತುಗಳ ಕಡೆ ಹೋದರು. ಮೇಡಂ ಬರೆದಿದ್ದ 'ಯಾರಿಗೆ?' ಎಂಬ ಆ ಒಂದು ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳು ಒಂದೇ ಬದುವಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವು. ಎರಡರಲ್ಲಿ ಯಾವುದೂ ಸುಳ್ಳಲ್ಲ.

"ಇಷ್ಟಕ್ಕೂ" ಎಂದಳು ಚಿಗವ್ವ, "ಇಕಿ ನಿಮ್ಮ ಮಗಳು. ನಿಮ್ಮ ಕಡೇನ ಬರೀತಾಳ. ನನ್ನ ಮಾತಂತೂ ತಗೊಳ್ಳಂಗಿಲ್ಲಂತ ಹೇಳಿಬಿಟ್ಟಾಳ."

ಅಪ್ಪ ತಲೆ ಎತ್ತಿದ. "ನಿನ್ನ ಮಾತೂ ತಗೊಳ್ಳಂಗಿಲ್ಲಂತ?"

"ನಿಮ್ಮದು?"

"ನಂದೂ ಬ್ಯಾಡಂದಾಳ. ಇಷ್ಟು ವರ್ಷ ರಟ್ಟಿನ ಮುಂದ ನಿಂತೇನಿ, ಒಂದು ಮಾತೂ ಬ್ಯಾಡಂತ."

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಚಿಗವ್ವನಿಗೆ ಮೊದಲು ನಗೆ ಬಂತು. ತಡೆದುಕೊಳ್ಳಲು ಸೆರಗು ಬಾಯಿಗಿಟ್ಟುಕೊಂಡಳು. "ದಿಲ್ಲಿಗೆ ಹೋಗಿ ಇದನ್ನ ಕಲತ ಬಂದಾಳ ನೋಡ್ರಿ ಮಾಮಾ. ಮನಿಯಾವ್ರನ್ನ ಹೊರಗ ಹಾಕೂದು." ಅಪ್ಪನೂ ನಕ್ಕ. "ತಾನ ಹೊರಗ ಇರಾಕಿ, ನಮ್ಮನ್ನೂ ಹೊರಗ ಹಾಕಿದ್ಲು." ಆಮೇಲೆ ಇಬ್ಬರೂ ಊಟ ಮಾಡುತ್ತ ಹೊಟ್ಟೆ ತುಂಬ ನನ್ನನ್ನೇ ಬೈದರು. ಚಿಗವ್ವ ಅಪ್ಪನ ಕಪ್ಪಿಗೆ ಮಜ್ಜಿಗೆ ಹಾಕಿದಳು, ಅಪ್ಪ ಕುಡಿದ. ವಾದ ತೀರಿತು ಎಂದಲ್ಲ. ಸಂಜೆ ಮನೆಗೆ ನಡೆಯುವಾಗ ಮತ್ತೆ ಅದೇ ಮಾತು ತೆಗೆದರು. ಆದರೆ ದನಿ ಬೇರೆಯಾಗಿತ್ತು.

ದಿಲ್ಲಿಗೆ ಮರಳಿ ನನ್ನ ಅಧ್ಯಾಯ ಬರೆದೆ. ಮೊದಲ ಪುಟದಲ್ಲಿ ಅಪ್ಪನ, ಚಿಗವ್ವನ ವಿಷಯ ಹೇಳಿ, ಅವರ ಮಾತನ್ನು ಬಳಸಿಲ್ಲ ಎಂದು ಬರೆದೆ. ನಂತರದ ಪುಟಗಳಲ್ಲಿ ಡಬ್ಬಿಯ ರಟ್ಟನ್ನೂ ಕಪ್ಪಿನ ರಟ್ಟನ್ನೂ ಬೇರೆ ಬೇರೆಯಾಗಿ ನೋಡಬೇಕು ಎಂದು ವಾದಿಸಿದೆ. ಲೋಟ ತೊಳೆಯುವ ಮಾತಿನ ಪಕ್ಕದಲ್ಲಿ ಮೇಡಂ ಒಂದು ಸರಿ ಗುರುತು ಹಾಕಿದ್ದರು.

ಕೆಲವು ವಾರಗಳಾದ ಮೇಲೆ ಸಮಾಲೋಚನೆಯ ಸಭೆ ನಡೆಯಿತು. ಉದ್ದನೆಯ ಮೇಜಿನ ಒಂದು ಕಡೆ ಕಾರ್ಖಾನೆಗಳ ಪರವಾಗಿ ಬಂದವರು, ಇನ್ನೊಂದು ಕಡೆ ರಟ್ಟು ಕೊಳ್ಳುವವರ ಪರವಾಗಿ ಬಂದವರು, ತುದಿಗೆ ಸರಕಾರದ ಹಿರಿಯ ಅಧಿಕಾರಿ. ನಾನು ಗೋಡೆಗೆ ಹಾಕಿದ್ದ ಕುರ್ಚಿಗಳ ಸಾಲಿನಲ್ಲಿದ್ದೆ. ಮಾತು ಬಹಳ ಹೊತ್ತು ನಡೆಯಿತು. ಕಪ್ಪಿನ ರಟ್ಟನ್ನು ಬೇರೆ ಮಾಡಲು ಸಾಧ್ಯವೇ, ಮಾಡಿದರೆ ಏನಾಗುತ್ತದೆ ಎಂದು ಅಧಿಕಾರಿ ಕೇಳಿದರು. ಮೇಡಂ ಹಿಂದಕ್ಕೆ ತಿರುಗಿ ನನ್ನ ಕಡೆ ಕೈ ತೋರಿಸಿದರು. "ಈಕೆ ಹೋಗಿ ನೋಡಿ ಬಂದಿದ್ದಾಳೆ. ಈಕೆಯೇ ಹೇಳಲಿ."

ಎದ್ದು ನಿಂತೆ. ನನ್ನ ಇಂಗ್ಲಿಷು ನನ್ನ ಕಿವಿಗೇ ದಾಂಡೇಲಿಯಂತೆ ಕೇಳಿಸಿತು. ಹಳಿಯಾಳದ ಡಬ್ಬಿ, ಜೋಯಿಡಾದ ಲೋಟ, ಮುಂಡಗೋಡದ ಕಪ್ಪಿನ ಯಂತ್ರಗಳು, ಕಂಡದ್ದನ್ನು ಕಂಡಂತೆ ಹೇಳಿದೆ. ಕಾರ್ಖಾನೆಗಳ ಕಡೆಯಿಂದ ಒಬ್ಬರು ವಿನಯದಿಂದಲೇ, ಆದರೆ ಚುಚ್ಚುವಂತೆ ಕೇಳಿದರು: "ಕಪ್ಪು ಮಾಡುವವರನ್ನು ನೋಡಿದ್ದೀರಿ, ಸರಿ. ಕಾಗದದ ಕಾರ್ಖಾನೆಯ ಜನ ಹೇಗೆ ಬದುಕುತ್ತಾರೆ ಎಂದು ಯಾವತ್ತಾದರೂ ನೋಡಿದ್ದೀರಾ?"

"ನಾನು ಕಾರ್ಖಾನೆಯ ಕಾಲೊನಿಯಲ್ಲೇ ಹುಟ್ಟಿದವಳು" ಎಂದೆ. "ನನ್ನ ತಂದೆ ಈಗಲೂ ರಟ್ಟಿನ ಯಂತ್ರದ ಮೇಲಿದ್ದಾರೆ. ನನ್ನ ಚಿಕ್ಕಮ್ಮ ಕಪ್ಪು ಮಾಡುತ್ತಾರೆ. ಅದಕ್ಕೇ ಇಬ್ಬರ ಮಾತನ್ನೂ ಇದರಲ್ಲಿ ಸೇರಿಸಿಲ್ಲ. ಮೊದಲ ಪುಟದಲ್ಲಿ ಬರೆದಿದ್ದೇನೆ."

ಅವರು ಪುಟ ತಿರುಗಿಸಿ ನೋಡಿದರು. ಓದಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ಅಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದರು: ಬಂದರಿಗೆ ಬಂದ ರಟ್ಟಿನ ಸುರುಳಿ ಮುಂದೆ ಕಪ್ಪಾಗುತ್ತದೋ ಡಬ್ಬಿಯಾಗುತ್ತದೋ ಎಂದು ಸುಂಕದವರಿಗೆ ಹೇಗೆ ತಿಳಿಯಬೇಕು? ಕಪ್ಪಿನದು ಎಂದು ಹೇಳಿ ತಂದು ಡಬ್ಬಿ ಮಾಡಿದರೆ? ಗೊತ್ತಿಲ್ಲ ಎಂದೆ. ಮೇಡಂ ಆ ಮಾತನ್ನು ಕೈಗೆತ್ತಿಕೊಂಡು ಒಂದೆರಡು ದಾರಿ ಸೂಚಿಸಿದರು. ನಾನು ಕೂತೆ. ಕೂತು ಆ ದಾರಿಗಳನ್ನು ಬರೆದುಕೊಂಡೆ.

ಹೊರಗೆ ಬರುವಾಗ ಮೇಡಂ, "ಗೊತ್ತಿಲ್ಲ ಅಂದದ್ದು ಒಳ್ಳೆಯದಾಯಿತು. ಆ ಕೋಣೆಯಲ್ಲಿ ಆ ಮಾತು ಹೆಚ್ಚು ಕೇಳಿಸುವುದಿಲ್ಲ" ಎಂದರು. ಹೊಗಳಿದರೋ ಹಾಗೇ ಅಂದರೋ ನನಗೆ ಇಂದಿಗೂ ಸ್ಪಷ್ಟವಿಲ್ಲ.

ಆದೇಶ ಬರಲು ಬಹಳ ತಿಂಗಳು ಹಿಡಿಯಿತು. ಡಬ್ಬಿಯ ರಟ್ಟಿಗೆ ಸುಂಕ ಏರಿತು, ಕಾರ್ಖಾನೆಗಳು ಕೇಳಿದಷ್ಟಲ್ಲ. ಕಪ್ಪಿನ ರಟ್ಟನ್ನು ಸದ್ಯಕ್ಕೆ ಹೊರಗಿಟ್ಟಿದ್ದರು. ಅದು ನಮ್ಮ ವರದಿಯಿಂದ ಆಯಿತೋ, ಬೇರೆಯವರೂ ಅದನ್ನೇ ಹೇಳಿದ್ದರೋ, ತಿಳಿಯುವ ದಾರಿಯಿಲ್ಲ. ಮನೆಗೆ ಫೋನ್ ಮಾಡಿದಾಗ ಅಪ್ಪ, "ಸ್ವಲ್ಪ ಮಂದಿನ್ನ ವಾಪಸ್ ಕರದಾರ. ಎಲ್ಲಾರ್ನೂ ಅಲ್ಲ" ಎಂದ. ಚಿಗವ್ವನ ರಟ್ಟಿಗೆ ಸುಂಕ ಏರದಿದ್ದರೂ ಬೆಲೆ ಏರಿತು. ಹಡಗಿನ ಬಾಡಿಗೆ ಹೆಚ್ಚಾಗಿತ್ತು. "ನಿನ್ನ ಸುಂಕ ಬಿಟ್ರೂ ಹಡಗ ಬಿಡಲಿಲ್ಲಲ್ಲ" ಎಂದು ಅವಳು ಫೋನಿನಲ್ಲಿ ನಕ್ಕಳು. ನಾವು ತಿಂಗಳುಗಟ್ಟಲೆ ಕೂತು ಅಳೆದದ್ದು ಬೆಲೆಯನ್ನು ಹಿಡಿದೆಳೆಯುವ ಹತ್ತು ಕೈಗಳಲ್ಲಿ ಒಂದು ಮಾತ್ರ ಎಂದು ನನಗೆ ಸರಿಯಾಗಿ ಮನದಟ್ಟಾದದ್ದು ಆಗ. ಅದರಿಂದ ಬೇಸರವಾಗಲಿಲ್ಲ. ಆ ಒಂದು ಕೈಯನ್ನಾದರೂ ಸರಿಯಾಗಿ ಅಳೆಯಬೇಕಲ್ಲ.

ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಚಿಗವ್ವ ದಾಂಡೇಲಿಗೆ ಬಂದಿದ್ದಳು. ಕಪ್ಪಿನ ಜೊತೆಗೆ ಮಿಠಾಯಿ ಡಬ್ಬಿಯನ್ನೂ ಮಾಡಬೇಕೆಂದು ಅವಳಿಗೆ ಮನಸ್ಸಾಗಿತ್ತು. ಹುಬ್ಬಳ್ಳಿಯಲ್ಲಿ ಹಳೆಯ ಯಂತ್ರವೊಂದು ಮಾರಾಟಕ್ಕಿತ್ತು. "ಮಾಮಾ, ನೀವ ಬಂದು ಒಂದ್ಸಲ ನೋಡ್ರಿ. ನಂಗ ಬಣ್ಣ ತೋರಿಸಿ ಮಾರಿಬಿಡ್ತಾರ" ಎಂದಳು. ಅಪ್ಪ ವಾರದ ರಜೆಯ ದಿನ ಹೊಸ ಅಂಗಿ ಹಾಕಿಕೊಂಡು ಅವಳ ಜೊತೆ ಹೊರಟ. ನಾನೂ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇಬ್ಬರೂ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ವಾದ ಮಾಡಿದರು.

ಯಂತ್ರ ಅಪ್ಪನಿಗೆ ಹಿಡಿಸಲಿಲ್ಲ. ಓಡಿಸಿ ನೋಡಿ, ಸದ್ದು ಸರಿಯಿಲ್ಲ ಎಂದ. ಮಾರುವವನು ಏನೇ ಹೇಳಿದರೂ ಚಿಗವ್ವ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕೊಳ್ಳದೆ ಹೊರಗೆ ಬಂದು ಮೂವರೂ ಚುರುಮುರಿಯ ಗಿರ್ಮಿಟ್ಟು ತಿಂದೆವು. ಬೆಳಗಾವಿಯಲ್ಲಿ ಇನ್ನೊಂದು ಇದೆಯಂತೆ, ಬರುವ ತಿಂಗಳು ಅದನ್ನು ನೋಡೋಣ ಎಂದು ಅಪ್ಪನೇ ಹೇಳಿದ. ಮಾತಿನ ನಡುವೆ ಅವನು ನನ್ನ ಕಡೆ ತಿರುಗಿದ. "ಈಗ ಯಾವುದರ ಮ್ಯಾಲೆ ಬರಿಯಾಕತ್ತಿ?"

"ಮೀನಿನ ಮ್ಯಾಲೆ. ಸಮುದ್ರದಾಗ ಮೀನು ಹಿಡಿಯಾವ್ರಿಗೆ ಯಾವ ಸರಕಾರ ಎಷ್ಟು ನೆರವು ಕೊಡಬೇಕು ಅಂತ ದೇಶಗಳ ನಡಕ ಮಾತುಕತಿ ನಡದೈತಿ."

"ನಿಂಗ ಮೀನಿಂದ ಏನ ಗೊತ್ತೈತಿ?"

"ಏನೂ ಗೊತ್ತಿಲ್ಲ. ಮುಂದಿನ ವಾರ ಕಾರವಾರಕ್ಕ ಹೊಂಟೇನಿ."

ಚಿಗವ್ವ ತನ್ನ ಗಿರ್ಮಿಟ್ಟಿನ ಮೇಲಿದ್ದ ಮೆಣಸಿನಕಾಯಿಯನ್ನು ಎತ್ತಿ ನನ್ನ ತಟ್ಟೆಗೆ ಹಾಕಿ, "ಬೆಳಿಗ್ಗೆ ಲಗೂನ ಹೋಗಬೇಕಂತ. ದೋಣಿ ಬರೂ ಹೊತ್ತಿಗೆ ಅಲ್ಲೆ ಇರಬೇಕಂತ" ಎಂದಳು. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಮುಂಡಗೋಡದ ಬಸ್ಸು ಹತ್ತಿದಳು. ಅಪ್ಪ ಮತ್ತು ನಾನು ದಾಂಡೇಲಿಯ ಬಸ್ಸಿಗೆ ಕಾಯುತ್ತ ನಿಂತೆವು.